ಅಂಚಿನ ದೀಪಗಳು

ಪ್ರತಿಭಾವಂತರ ವಿಶೇಷ ಶಾಲೆಯ ಹಾಸ್ಟೆಲ್
6 ಅಕ್ಟೋಬರ್ 1996

ಅಪ್ಪಾ,

ಒಂಬತ್ತು. ಈ ಸಂಖ್ಯೆಯನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಸುತ್ತಿ ಬಳಸಿ ನಾಲ್ಕು ಪುಟವಾದೀತು. ರಾಷ್ಟ್ರಮಟ್ಟದ ಗಣಿತ ಸ್ಪರ್ಧೆಗೆ ನಮ್ಮ ಪ್ರಾಂತದಿಂದ ಹೋಗುವವರು ಎಂಟು ಜನ. ನಿನ್ನೆ ಮಧ್ಯಾಹ್ನ ಆಯ್ಕೆ ಪರೀಕ್ಷೆಯ ಪಟ್ಟಿ ಹಚ್ಚಿದರು. ಇಪ್ಪತ್ತಕ್ಕೆ ಹನ್ನೊಂದು ಅಂಕ, ಒಂಬತ್ತನೆಯ ಹೆಸರು ನನ್ನದು.

ಎಂಟನೆಯವಳು ನ್ಯುಂಗ್. ಹಾಸ್ಟೆಲಿನಲ್ಲಿ ನನ್ನ ಮಂಚದ ಮೇಲಂತಸ್ತಿನಲ್ಲಿ ಮಲಗುವವಳು, ನೀವು ಕಳೆದ ವರ್ಷ ನೋಡಿದ್ದೀರಿ, ಮಾತಿಗೆ ಮುಂಚೆ ನಗುವ ಹುಡುಗಿ. ನಿನ್ನೆ ಅವಳು ನಗಲಿಲ್ಲ.

"ಲೇ ಮಿಯೆನ್, ನಿನ್ ಜಾಗದಲ್ಲಿ ನಾನು ಕೂತಂಗಾಯ್ತಲ್ಲೇ" ಅಂದಳು.

"ಕೂತ್ಕೋ. ಮೊಳೆ ಗಿಳೆ ಚುಚ್ಚಿದ್ರೆ ಹೇಳು" ಅಂದೆ. ಇಬ್ಬರೂ ನಕ್ಕೆವು, ಆಮೇಲೆ ನಾನು ಬಟ್ಟೆ ಒಗೆಯುವ ಕಟ್ಟೆಗೆ ಹೋಗಿ ಚೆನ್ನಾಗಿ ಅತ್ತೆ.

ನನಗೆ ಅರ್ಥವಾಗದ್ದು ಐದನೆಯ ಪ್ರಶ್ನೆ. ಅದಕ್ಕೆ ಪೂರ್ತಿ ಐದು ಅಂಕ ಬರುತ್ತದೆಂದು ನಾನು ಎದೆ ತಟ್ಟಿ ಹೇಳುತ್ತಿದ್ದೆ. ಒಂದು ಚೌಕ ಹಲಗೆ, ಒಂದೊಂದು ಬದಿಗೆ 1996 ದೀಪ (ಈ ಪ್ರಶ್ನೆ ಮಾಡುವವರಿಗೆ ಆಯಾ ವರ್ಷದ ಸಂಖ್ಯೆಯನ್ನು ಎಲ್ಲಾದರೂ ತುರುಕದಿದ್ದರೆ ಉಂಡದ್ದು ಅರಗುವುದಿಲ್ಲ). ಒಂದು ದೀಪದ ಗುಂಡಿ ಒತ್ತಿದರೆ ಅದರ ಅಡ್ಡಸಾಲು, ಅದರ ಕಂಬಸಾಲು ಎರಡರಲ್ಲೂ ಉರಿಯುವುದು ಆರುತ್ತದೆ, ಆರಿದ್ದು ಉರಿಯುತ್ತದೆ. ಯಾವ ದೀಪಗಳು ಉರಿಯುತ್ತಿದ್ದರೂ ಸರಿ, ಎಲ್ಲವನ್ನೂ ಆರಿಸಬಹುದು ಎಂದು ಸಾಧಿಸಬೇಕು. ನಾನು ಬರೆದದ್ದು ಇಷ್ಟು: ನನಗೆ ಬೇಕಾದ ಒಂದು ದೀಪದ ಅಡ್ಡಸಾಲು, ಕಂಬಸಾಲುಗಳ ಗುಂಡಿಗಳನ್ನೆಲ್ಲ ಒಂದೊಂದು ಸಲ ಒತ್ತುತ್ತೇನೆ. ಎಣಿಸಿ ನೋಡಿದರೆ ಆ ಒಂದು ದೀಪ ಮಾತ್ರ ಬೆಸಸಲ ಬದಲಾಗುತ್ತದೆ, ಉಳಿದವೆಲ್ಲ ಸಮಸಲ, ಅಂದರೆ ಇದ್ದಂತೆಯೇ ಇರುತ್ತವೆ. ಹೀಗೆ ಒಂದೊಂದನ್ನೇ ಆರಿಸುತ್ತ ಹೋದರಾಯಿತು. ಬೇರೆಯವರು ಮೂರು ಹಾಳೆ ತುಂಬಿಸಿದ್ದಾರೆ, ನನ್ನದು ಒಂಬತ್ತು ಸಾಲು.

ಎಣಿಕೆಯನ್ನು ಇದರ ಹಿಂಬದಿಯಲ್ಲಿ ಬರೆದಿದ್ದೇನೆ. ಎಲ್ಲಿ ಎಡವಿದೆ ಎಂದು ನೋಡಿ ಹೇಳಿ. ನಮಗೆ ಗಣಿತ ಕಲಿಸುವ ಖಾಂಗ್ ಮೇಷ್ಟ್ರನ್ನು ಕೇಳೋಣವೆಂದರೆ ಅವರು ತಂಡದವರ ಜೊತೆಗೆ ಬಿಡುವಿಲ್ಲದೆ ಇದ್ದಾರೆ. ದಾರಿಯಲ್ಲಿ ಸಿಕ್ಕಾಗ ಒಂದೇ ಮಾತು: "ಕಂಪ್ಯೂಟರ್ ತಂಡಕ್ಕೆ ಬಾ ಮಗಳೇ, ಅಲ್ಲಿ ನಿನ್ನಂಥೋರು ಬೇಕು." ಒಂಬತ್ತನೆಯವರು ಎಲ್ಲಿಗಾದರೂ ಬೇಕಾಗುತ್ತಾರೆ ಎಂಬುದು ಸಂತೋಷದ ವಿಷಯ. ನಾನು ಹೋಗುವುದಿಲ್ಲ ಅಂದುಕೊಂಡಿದ್ದೇನೆ. ಅಮ್ಮನಿಗೆ ಇನ್ನೂ ಹೇಳಬೇಡಿ.

ನಿಮ್ಮ ಮಗಳು
ಮಿಯೆನ್


ಕೋಯ್ ಹಾ
17 ಅಕ್ಟೋಬರ್ 1996

ಮಗಳೇ ಮಿಯೆನ್,

ಪತ್ರ ಬಂದು ಆರು ದಿನವಾಯಿತು. ನಿನ್ನ ಐದನೆಯ ಪ್ರಶ್ನೆ ಹಿಡಿದು ಕೂತಿದ್ದೆ. ಏಳನೆಯ ತರಗತಿಗೆ ಭಿನ್ನರಾಶಿ ಕಲಿಸುವ ಮೇಷ್ಟ್ರಿಗೆ ಇಂಥವನ್ನು ಕೊಟ್ಟರೆ ಇಷ್ಟು ದಿನ ಹಿಡಿಯುವುದು ನ್ಯಾಯವೇ.

ತಪ್ಪು ಸಿಕ್ಕಿತು. ನೀನು ಅಂಚಿನ ದೀಪಗಳನ್ನು ಬೇರೆಯಾಗಿ ನೋಡಿಲ್ಲ. ನಡುವಿನ ದೀಪಕ್ಕೆ ನಾಲ್ಕೂ ಕಡೆ ನೆರೆಯವರಿದ್ದಾರೆ. ಅಂಚಿನದಕ್ಕೆ ಮೂರೇ ಕಡೆ, ಮೂಲೆಯದಕ್ಕೆ ಎರಡೇ. ನೀನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟಿದ್ದೀಯ. ತಿದ್ದುವವರು ಒಪ್ಪುವುದಿಲ್ಲ. ನಾನಾಗಿದ್ದರೂ ಐದಕ್ಕೆ ಒಂದು ಅಂಕ ಕೊಟ್ಟು ಮುಂದಿನ ಹಾಳೆ ತಿರುವುತ್ತಿದ್ದೆ. ನಿನಗೆ ಮೊದಲಿಂದಲೂ ಈ ಆತುರ ಇದೆ, ಸುಂದರವಾಗಿ ಕಂಡರೆ ಸಾಕು, ಸರಿ ಎಂದುಕೊಳ್ಳುತ್ತೀಯ.

ಇನ್ನು ಕಂಪ್ಯೂಟರಿನ ವಿಚಾರ. ಹೋಗು. ಖಾಂಗ್ ಮೇಷ್ಟ್ರು ತಿಳಿದವರು. ಅದು ಹೊಸ ಸ್ಪರ್ಧೆ, ಬೇರೆ ಪ್ರಾಂತಗಳಲ್ಲೂ ಇನ್ನೂ ಕಣ್ಣುಬಿಡುತ್ತಿದ್ದಾರೆ. ಮೂರನೆಯ ಬಹುಮಾನ ಬಂದರೂ ಪ್ರವೇಶ ಪರೀಕ್ಷೆಯಿಲ್ಲದೆ ನೇರವಾಗಿ ಹನೊಯ್ ವಿಶ್ವವಿದ್ಯಾಲಯ. ಒಂದು ಬೆಳಗಿನ ಪರೀಕ್ಷೆಯ ಮೇಲೆ ಬದುಕನ್ನೆಲ್ಲ ಹೂಡುವುದು ಎಷ್ಟು ಅಪಾಯದ ಆಟ ಎಂದು ನನಗೆ ಗೊತ್ತು. ಗಣಿತ ಎಲ್ಲಿಗೂ ಓಡಿಹೋಗುವುದಿಲ್ಲ.

ಅಮ್ಮನಿಗೆ ಹೇಳಲಿಲ್ಲ, ಅವಳೇ ನನ್ನ ಮುಖ ನೋಡಿ ಕಂಡುಹಿಡಿದಳು. ಎಳ್ಳು ಕಡಲೆಕಾಯಿ ಉಪ್ಪಿನಪುಡಿ ಎರಡು ಡಬ್ಬಿ ಕಳಿಸಿದ್ದಾಳೆ. ಒಂದು ನ್ಯುಂಗ್‌ಗೆ ಅಂತೆ. ನಾನು "ಅವಳು ನಮ್ಮ ಹುಡುಗೀನ ಹಿಂದೆ ಹಾಕಿದೋಳು ಕಣೇ" ಅಂದೆ. "ಅದಕ್ಕೇನು, ಅವಳಿಗೆ ಹೊಟ್ಟೆ ಇಲ್ವಾ?" ಅಂದಳು.

ಅಪ್ಪ


ಹಾಸ್ಟೆಲ್
24 ನವೆಂಬರ್ 1996

ಅಪ್ಪಾ,

ನೀವು ಹೇಳಿದಂತೆ ಸೇರಿದೆ. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು, ಮನೆಯಲ್ಲಿ ತೀರಿಹೋದ ಹಿರಿಯರ ಪೂಜಾಪೀಠದ ಮುಂದೆ ನಿಲ್ಲುವ ಹಾಗೆ. ನಾಲ್ಕು ಯಂತ್ರ, ಹೂವಿನ ಚಿತ್ರದ ಹೊದಿಕೆ, ಐದು ಜನ. ಹಾಗಾಗಿ ಯಾವಾಗಲೂ ಒಬ್ಬರು ಕಾಗದದ ಮೇಲೆ ಕಂಪ್ಯೂಟರ್ ನಡೆಸುತ್ತಿರುತ್ತಾರೆ. ಆ ಒಬ್ಬಳು ಬಹಳ ಸಲ ನಾನೇ. ನನಗೆ ಅದೇ ಇಷ್ಟ. ಗೋಡೆಯಾಚೆ ಗಣಿತದವರ ಕೋಣೆ, ಖಾಂಗ್ ಮೇಷ್ಟ್ರ ದನಿ ಕೇಳಿಸುತ್ತದೆ. ಯಾವ ಸಮಸ್ಯೆ ಬಿಡಿಸುತ್ತಿದ್ದಾರೆಂದು ಊಹಿಸುತ್ತ ನನ್ನದನ್ನು ಮರೆಯುತ್ತೇನೆ.

ದೀಪಗಳ ಲೆಕ್ಕ ಇನ್ನೂ ಬಿಟ್ಟಿಲ್ಲ. ನಿಮ್ಮ ಪತ್ರ ಇಟ್ಟುಕೊಂಡು ಅಂಚನ್ನು ಬೇರೆಯಾಗಿ ಎಣಿಸಿದೆ, ಮೂಲೆಯನ್ನೂ ಎಣಿಸಿದೆ. ಎಲ್ಲ ಕಡೆಯೂ ನನ್ನ ಒಂಬತ್ತು ಸಾಲೇ ಸಾಕೆಂದು ಕಾಣುತ್ತದೆ. ಆದರೆ ನೀವು ಇಲ್ಲ ಅಂದಿದ್ದೀರಿ, ತಿದ್ದಿದವರೂ ಇಲ್ಲ ಅಂದಿದ್ದಾರೆ, ಅಂದಮೇಲೆ ನನಗೆ ಕಾಣದ ಏನೋ ಒಂದು ಇರಲೇಬೇಕು. ಕಾಣದಿರುವುದೇ ಹೆದರಿಕೆ. ಮೊದಲೆಲ್ಲ ಉತ್ತರ ಸರಿಯಾದಾಗ ಹೊಟ್ಟೆಯೊಳಗೆ ಹಗುರಾಗುತ್ತಿತ್ತು, ಅದನ್ನು ನಂಬಿ ಎದ್ದುಬಿಡುತ್ತಿದ್ದೆ. ಈಗ ಹಗುರಾದರೆ ಅನುಮಾನ ಬರುತ್ತದೆ. ಎಲ್ಲವನ್ನೂ ಮೂರು ಮೂರು ಸಲ ನೋಡುತ್ತೇನೆ. ನ್ಯುಂಗ್ ಅನ್ನುತ್ತಾಳೆ, "ನೀನು ಉಗುರು ಕತ್ತರಿಸಿಕೊಂಡ ಮೇಲೂ ಬೆರಳು ಎಣಿಸ್ತೀಯ ಕಣೇ."

ಇಪ್ಪತ್ತನೆಯ ತಾರೀಕು ಗುರುಗಳ ದಿನಕ್ಕೆ ಎಲ್ಲರೂ ಸೇರಿ ಮೇಷ್ಟ್ರಿಗೆ ಹೂಗುಚ್ಛ ಕೊಟ್ಟೆವು. ನಾನು ಮನಸ್ಸಿನಲ್ಲೇ ಒಂದು ನಿಮಗೂ ಕೊಟ್ಟೆ. ನಾನು ಎಡವಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದವರು ನೀವೊಬ್ಬರೇ.

ಮಿಯೆನ್


ಕೋಯ್ ಹಾ
22 ಫೆಬ್ರವರಿ 1997

ಮಗಳೇ,

ಹೊಸವರ್ಷದ ಹಬ್ಬ ಮುಗಿದು ನೀನು ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಅಂಟಕ್ಕಿಯ ಕಡುಬು ಮಾತ್ರ ಉಳಿದಿದೆ. ಅಮ್ಮ ದಿನಾ ಹುರಿದು ಕೊಡುತ್ತಿದ್ದಾಳೆ. ಮುಂದಿನ ಹಬ್ಬದವರೆಗೆ ಸಾಕಾಗುವ ಹಾಗಿದೆ.

ಹಬ್ಬದ ಮೂರನೆಯ ದಿನ ನೀನು ದೀಪಗಳ ಹಾಳೆ ಹಿಡಿದು ಬಂದಾಗ ನಾನು ದೊಡ್ಡ ಪಾತ್ರೆ ಹಿಂತಿರುಗಿಸಬೇಕೆಂದು ಪಕ್ಕದ ಮನೆಗೆ ಎದ್ದು ಹೋದೆ. ನೀನು ಬಹಳ ಹೊತ್ತು ಕಾಯುತ್ತಿದ್ದೆ ಎಂದು ಅಮ್ಮ ಹೇಳಿದಳು. ಮುಗಿದದ್ದನ್ನು ಕೆದಕಬೇಡ. ಮಾರ್ಚಿನ ಸ್ಪರ್ಧೆಯ ಕಡೆ ಗಮನ ಕೊಡು. ಚೆನ್ನಾಗಿ ಊಟ ಮಾಡು, ಮನೆಯಲ್ಲಿದ್ದಾಗ ಬಾಗಿಲ ಅಗುಳಿಯನ್ನು ಮೂರು ಸಲ ಮುಟ್ಟಿ ನೋಡುತ್ತಿದ್ದೆ, ಆ ಅಭ್ಯಾಸ ಒಳ್ಳೆಯದಲ್ಲ.

ಅಪ್ಪ


ಹಾಸ್ಟೆಲ್
20 ಏಪ್ರಿಲ್ 1997

ಅಪ್ಪಾ,

ಫಲಿತಾಂಶ ಬಂತು. ಪ್ರೋತ್ಸಾಹಕ ಬಹುಮಾನ. ಮೂರನೆಯದಕ್ಕೆ ಎರಡು ಅಂಕ ಕಡಿಮೆ. ಪ್ರಾಂತದ ಎಣಿಕೆಯಲ್ಲಿ ಒಂದು ಬಹುಮಾನ ಹೆಚ್ಚಾಯಿತೆಂದು ಖಾಂಗ್ ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ನೇರ ಪ್ರವೇಶಕ್ಕೆ ಅದು ಸಾಲದು. ನ್ಯುಂಗ್‌ಗೆ ಗಣಿತದಲ್ಲಿ ಮೂರನೆಯ ಬಹುಮಾನ, ಅವಳು ನೇರವಾಗಿ ಹೋಗುತ್ತಾಳೆ. ನನಗೆ ನಿಜವಾಗಿಯೂ ಸಂತೋಷವಾಯಿತು. ಸ್ವಲ್ಪ ಹೊತ್ತಾದ ಮೇಲೆ ಆಯಿತು, ಆದರೆ ಆಯಿತು.

ಹೇಗೆ ಕಳೆದುಕೊಂಡೆ ಎಂದು ನಿಮಗೆ ಹೇಳಲೇಬೇಕು. ಎರಡನೆಯ ಪ್ರಶ್ನೆ ಬಯಲಿನ ನಕ್ಷೆ. ಚೌಕಗಳ ಹಾಳೆಯಲ್ಲಿ ಕೆಲವು ಚೌಕಗಳಲ್ಲಿ ನೀರು. ಒಂದಕ್ಕೊಂದು ತಾಗಿದ ನೀರಿನ ಚೌಕಗಳೆಲ್ಲ ಸೇರಿ ಒಂದು ಕೊಳ. ಎಷ್ಟು ಕೊಳ ಎಂದು ಯಂತ್ರ ಎಣಿಸಬೇಕು. ಒಂದು ಗಂಟೆಯೊಳಗೆ ಬರೆದು ಮುಗಿಸಿದೆ. ಸರಿಯಾಗಿತ್ತು. ಆಮೇಲೆ ಅಂಚಿನ ಚೌಕಗಳನ್ನು ಬೇರೆಯಾಗಿ ನೋಡಿಲ್ಲವಲ್ಲ ಎಂಬ ನಡುಕ ಹುಟ್ಟಿತು. ನಿಮ್ಮ ಅಕ್ಷರದಲ್ಲೇ ಕಣ್ಣಮುಂದೆ ಬಂತು. ಅಂಚಿಗೆಂದು ಇನ್ನೊಂದು ತುಂಡು ಸೇರಿಸಿದೆ. ಅಂಚನ್ನು ಮುಟ್ಟುವ ಕೊಳಗಳನ್ನೆಲ್ಲ ಅದು ಎರಡೆರಡು ಸಲ ಎಣಿಸಿತು. ಇಲ್ಲಿಗೆ ಬಂದಮೇಲೆ ಮೇಷ್ಟ್ರ ಜೊತೆ ಕೂತು ಮೊದಲು ಬರೆದದ್ದನ್ನು ನಡೆಸಿ ನೋಡಿದೆ, ಎಲ್ಲ ಉತ್ತರವೂ ಸರಿ ಬಂತು.

"ಯಾಕಮ್ಮಾ ಮುಟ್ಟಕ್ಕೆ ಹೋದೆ?" ಎಂದು ಕೇಳಿದರು ಮೇಷ್ಟ್ರು.

"ಅಂಚು ಬಿಟ್ಟುಹೋದಂಗೆ ಅನ್ನಿಸ್ತು ಮೇಷ್ಟ್ರೇ" ಅಂದೆ.

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಇನ್ನು ಜುಲೈ ಪ್ರವೇಶ ಪರೀಕ್ಷೆ ಇದೆ, ಓದುತ್ತೇನೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮಿಯೆನ್


ಕೋಯ್ ಹಾ
29 ಏಪ್ರಿಲ್ 1997

ಮಗಳೇ,

ಪತ್ರ ಓದಿದೆ. ತಪ್ಪು ನಿನ್ನದಲ್ಲ. ಹೆಚ್ಚು ಬರೆಯಲು ಕೈ ಏಳುತ್ತಿಲ್ಲ, ಶಾಲೆಯಲ್ಲಿ ವರ್ಷದ ಕೊನೆಯ ಕೆಲಸ. ಜುಲೈಗೆ ಓದು.

ಅಪ್ಪ


ಹಾಸ್ಟೆಲ್
11 ಮೇ 1997

ಅಪ್ಪಾ,

ಇದನ್ನು ಓದಿದ ತಕ್ಷಣ ನೀವು ಹೊರಟು ಬರಬೇಕು.

ಪರೀಕ್ಷೆಯ ಉತ್ತರಪತ್ರಿಕೆಗಳ ತಲೆ ಕತ್ತರಿಸುವುದು ನಿಮಗೆ ಗೊತ್ತೇ ಇದೆ, ನೀವೂ ಎಷ್ಟೋ ಸಲ ಆ ಕೆಲಸಕ್ಕೆ ಕೂತವರು. ಹೆಸರಿರುವ ಮೇಲಿನ ಪಟ್ಟಿಯನ್ನು ಕತ್ತರಿಸಿ, ತಲೆಗೂ ಮುಂಡಕ್ಕೂ ಒಂದೇ ಗುಟ್ಟಿನ ಸಂಖ್ಯೆ ಬರೆದು, ಮುಂಡವನ್ನು ಮಾತ್ರ ತಿದ್ದಲು ಕಳಿಸುತ್ತಾರೆ. ನನ್ನ ಮುಂಡಕ್ಕೆ ಬೇರೆ ಯಾರದೋ ತಲೆ ಸೇರಿಸಿದ್ದಾರೆ.

ಹೇಗೆ ತಿಳಿಯಿತು ಎಂದರೆ, ಖಾಂಗ್ ಮೇಷ್ಟ್ರು ಮುಂದಿನ ವರ್ಷದ ಮಕ್ಕಳಿಗೆ ಈಗಲೇ ಪಾಠ ಶುರುಮಾಡಿದ್ದಾರೆ. ದೀಪಗಳ ಪ್ರಶ್ನೆ ಬಂದಾಗ ಬೀರುವಿನಿಂದ ಒಂದು ತಲೆಯಿಲ್ಲದ ಪತ್ರಿಕೆ ತೆಗೆದು, "ಇದನ್ನ ನೋಡ್ರೋ, ಹಿಂಗೆ ಯೋಚನೆ ಮಾಡ್ಬೇಕು" ಎಂದು ಕೈಯಿಂದ ಕೈಗೆ ದಾಟಿಸಿದರಂತೆ. ಕಿರಿಯರಿಗೆ ಬಿಡಿಸಿ ತೋರಿಸುವ ಕೆಲಸ ನ್ಯುಂಗ್‌ಗೆ ಕೊಟ್ಟಿದ್ದರು. ಅವಳು ಅದನ್ನು ಕೋಣೆಗೆ ತಂದು ನನ್ನ ಮಂಚದ ಮೇಲೆ ಇಟ್ಟಳು.

"ಏನೇ ಇದು?" ಅಂದೆ.

"ಏಳಕ್ಕೆ ನಡುವೆ ಗೀಟು ಎಳೆಯೋಳು ಈ ಹಾಸ್ಟೆಲಲ್ಲಿ ಒಬ್ಬಳೇ ಮಿಯೆನ್" ಅಂದಳು.

ನನ್ನ ಒಂಬತ್ತು ಸಾಲು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಐದಕ್ಕೆ ಐದು. ಮೊದಲ ಪುಟದಲ್ಲಿ ಒಟ್ಟು ಹದಿನೇಳೂವರೆ. ಅಪ್ಪಾ, ಅಂಚನ್ನು ಯಾರೂ ಕೇಳಿಲ್ಲ. ಅದು ಸರಿಯಿತ್ತು. ನೀವೂ ಒಮ್ಮೆ ನೋಡಿ, ನಿಮಗೂ ಆವತ್ತು ಕಣ್ಣು ತಪ್ಪಿರಬೇಕು, ನಾನು ಬೇಸರ ಮಾಡಿಕೊಂಡಿಲ್ಲ. ನಾನು ಒಂಬತ್ತನೆಯವಳಲ್ಲ ಎಂಬುದೊಂದೇ ಈಗ ತಲೆಯಲ್ಲಿರುವುದು. ಮನವಿ ಬರೆದು ಪ್ರಾಂತದ ಕಚೇರಿಗೆ ಕೊಡೋಣ. ಸ್ಪರ್ಧೆ ಮುಗಿದುಹೋಯಿತು, ಜಾಗ ಸಿಗುವುದಿಲ್ಲ, ಗೊತ್ತು. ಆದರೆ ಆ ಪತ್ರಿಕೆಗೆ ಅದರ ತಲೆ ಬೇಕು. ಪೋಷಕರ ಸಹಿ ಇಲ್ಲದೆ ಮನವಿ ತೆಗೆದುಕೊಳ್ಳುವುದಿಲ್ಲವಂತೆ, ಬೇಗ ಬನ್ನಿ.

ಮಿಯೆನ್


ಹಾಸ್ಟೆಲ್
26 ಮೇ 1997

ಅಪ್ಪಾ,

ಎರಡು ವಾರ ಕಾದೆ. ಬಸ್ಸು ಬರುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ನಿನ್ನೆ ನಾನೇ ಖಾಂಗ್ ಮೇಷ್ಟ್ರ ಮನೆಗೆ ಹೋದೆ.

ಪತ್ರಿಕೆಯನ್ನು ಅವರ ಮುಂದಿಟ್ಟು, "ತಲೆಗಳು ಅದಲು ಬದಲಾಗಿವೆ ಮೇಷ್ಟ್ರೇ" ಅಂದೆ. ಅವರು ಚಹಾ ಬಗ್ಗಿಸಿದರು.

"ಅದಲು ಬದಲಾಗಿಲ್ಲ. ನೀನು ಎರಡನೆಯವಳು" ಅಂದರು. "ಗಣಿತಕ್ಕೆ ಎಂಟು ಜನ ಹೆಂಗೂ ಸಿಗ್ತಿದ್ರು. ಕಂಪ್ಯೂಟರಲ್ಲಿ ಬಹುಮಾನ ತರೋರು ಒಬ್ಬರೂ ಇರ್ಲಿಲ್ಲ. ಮೇಲಿನೋರು ಬಹುಮಾನ ಎಷ್ಟು ಅಂತಾರೆ, ಯಾವುದ್ರಲ್ಲಿ ಅಂತ ಕೇಳಲ್ಲ. ನಿನ್ನ ಅಲ್ಲಿಗೆ ಹಾಕಿದ್ರೆ ಪ್ರಾಂತಕ್ಕೂ ಒಂದು, ನಿನಗೂ ನೇರ ಪ್ರವೇಶ ಅಂದ್ಕೊಂಡೆ."

"ನನ್ನನ್ನ ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ನೀನು ಬರ್ತಿದ್ದೆಯಾ?"

"ಇಲ್ಲ."

"ಅದಕ್ಕೇ ನಿಮ್ಮಪ್ಪನ್ನ ಕೇಳಿದೆ" ಅಂದರು.

ಬೀರುವಿನಿಂದ ಕಾಗದ ತೆಗೆದು ಕೊಟ್ಟರು. ನಿಮ್ಮ ಸಹಿ, ನಿಮ್ಮ ಅಕ್ಷರ. 'ಮಗಳಿಗೆ ಅವಳ ನಿಜವಾದ ಸ್ಥಾನ ತಿಳಿಯದಿರುವುದೇ ಒಳ್ಳೆಯದೆಂದು ನಾನೂ ಒಪ್ಪುತ್ತೇನೆ.' ತಾರೀಕು ಸೆಪ್ಟೆಂಬರ್ 29. ಪಟ್ಟಿ ಹಚ್ಚುವುದಕ್ಕೆ ಆರು ದಿನ ಮುಂಚೆ. ನಾನು ಒಂಬತ್ತು ಎಂದು ನಿಮಗೆ ಬರೆದಾಗ ನಾನು ಎರಡು ಎಂದು ನಿಮಗೆ ಗೊತ್ತಿತ್ತು.

ಮೇಷ್ಟ್ರ ಮೇಲೆ ನನಗೆ ಸಿಟ್ಟಿದೆ, ಆದರೆ ಅದು ಒಂದು ಮಟ್ಟದ ಸಿಟ್ಟು. ಅವರಿಗೆ ನಾನು ನಲವತ್ತು ಮಕ್ಕಳಲ್ಲಿ ಒಬ್ಬಳು. ಅವರು ಸುಳ್ಳು ಪಟ್ಟಿ ಹಚ್ಚಿದರು, ಆದರೂ ಆ ಒಂಬತ್ತು ಸಾಲನ್ನು ಬೀರುವಿನಲ್ಲಿ ಕೊಳೆಯಲು ಬಿಡಲಾಗಲಿಲ್ಲ, ಸಿಕ್ಕಿಬಿದ್ದರು. ನೀವು ಏನು ಮಾಡಿದಿರಿ? ಒಪ್ಪಿಗೆ ಕೊಟ್ಟಿರಿ, ಇರಲಿ. ಬಾಯಿ ಮುಚ್ಚಿಕೊಂಡಿದ್ದಿರಿ, ಅದೂ ಇರಲಿ. ತಪ್ಪೆಲ್ಲಿ ಎಂದು ನಾನು ಕೇಳಿದೆ. ಹೇಳಲು ಇಷ್ಟವಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದಿತ್ತು. ನೀವು ತಪ್ಪನ್ನು ತೋರಿಸಿದಿರಿ. ಇಲ್ಲದ ತಪ್ಪನ್ನು.

ಅದು ಹೇಗೆ ಮಾಡಿದಿರಿ ಎಂದು ತಿಳಿಯಬೇಕು. ಬೇರೇನೂ ಬರೆಯಬೇಡಿ.

ಮಿಯೆನ್


ಕೋಯ್ ಹಾ
3 ಜೂನ್ 1997

ಕಂದಾ,

ಅಮ್ಮ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ನಿನ್ನ ಕಾಗದ ಬಂದಾಗಿನಿಂದ ನಿಮ್ಮಪ್ಪ ಸರಿಯಾಗಿ ಉಣ್ಣುತ್ತಿಲ್ಲ. ಏನೆಂದು ಕೇಳಿದರೆ ಹೊಟ್ಟೆನೋವು ಅಂದರು. ಹೊಟ್ಟೆನೋವಿಗೆ ಯಾರೂ ಹಿತ್ತಲಲ್ಲಿ ಒಬ್ಬರೇ ಕೂರುವುದಿಲ್ಲ. ಕೊನೆಗೆ ಕಾಗದ ನನ್ನ ಕೈಗೆ ಕೊಟ್ಟರು. ನನಗೂ ಏನೂ ಗೊತ್ತಿರಲಿಲ್ಲ ಮಗಳೇ, ಹಿರಿಯರ ಪೀಠದ ಮುಂದೆ ನಿಂತು ಹೇಳುತ್ತೇನೆ.

ನಾನು ಕೇಳಿದೆ: "ಏನ್ರೀ, ಚಾಪೆ ಹೆಣೀವಾಗ ಎಳೆ ತಪ್ಪಿದ್ರೆ ನಾನೂ ಬಿಚ್ತೀನಿ. ಸರಿಯಾಗಿ ಹೆಣೆದಿದ್ದನ್ನ ತಪ್ಪು ಅಂತ ಬಿಚ್ಚಿಸೋರು ಎಂಥೋರು?" ನಿನಗೆ ತಾವೇ ಬರೆಯುತ್ತಾರೆ ಅಂದಿದ್ದಾರೆ. ಅವರು ನಿನ್ನ ಒಳ್ಳೆಯದಕ್ಕೆ ಮಾಡಿದರು, ಸಾಧ್ಯವಾದರೆ ಮನ್ನಿಸು. ಸಾಧ್ಯವಾಗದಿದ್ದರೆ ಊಟವನ್ನಾದರೂ ಬಿಡಬೇಡ.

ಅಮ್ಮ


ಕೋಯ್ ಹಾ
9 ಜೂನ್ 1997

ಮಿಯೆನ್,

ಹೇಗೆ ಮಾಡಿದೆ ಎಂದು ಕೇಳಿದ್ದೀಯ. ಅದನ್ನೇ ಬರೆಯುತ್ತೇನೆ.

ಖಾಂಗ್ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದಾಗ ನಿಮ್ಮಮ್ಮ ಸಂತೆಗೆ ಹೋಗಿದ್ದಳು. ಒಂದು ಬಟ್ಟಲು ಚಹಾ ಮುಗಿಯುವುದರೊಳಗೆ ಒಪ್ಪಿಕೊಂಡೆ. ನನ್ನ ಕಾಲದಲ್ಲಿ ಪ್ರವೇಶ ಪರೀಕ್ಷೆಯ ದಿನ ನನಗೆ ಜ್ವರ ಇತ್ತು. ಗಣಿತ ವಿಭಾಗಕ್ಕೆ ಅರ್ಧ ಅಂಕ ಸಾಲಲಿಲ್ಲ. ಹತ್ತು ತಿಂಗಳ ತರಬೇತಿ ಮುಗಿಸಿ ಮೇಷ್ಟ್ರಾದೆ, ಇಪ್ಪತ್ತೆರಡು ವರ್ಷದಿಂದ ಭಿನ್ನರಾಶಿ ಕಲಿಸುತ್ತಿದ್ದೇನೆ. ನಿನಗೆ ಆ ಬೆಳಗು ಬರಬಾರದು ಎಂಬುದೊಂದೇ ಕಣ್ಣಿಗೆ ಕಂಡಿತು. ಗಣಿತದಲ್ಲಿ ಬಹುಮಾನ ಬರುವುದೋ ಇಲ್ಲವೋ, ಇಡೀ ದೇಶದ ಮಕ್ಕಳು ಅದರಲ್ಲೇ ಮುಗಿಬಿದ್ದಿದ್ದಾರೆ. ಕಂಪ್ಯೂಟರಿನಲ್ಲಿ ಖಚಿತ ಎಂದ ಖಾಂಗ್. ಇದು ಕಾರಣ, ಸಮರ್ಥನೆಯಲ್ಲ.

ಆಮೇಲೆ ನಿನ್ನ ಪತ್ರ ಬಂತು. ನಿಜವಾಗಿಯೂ ಎಲ್ಲಾದರೂ ತಪ್ಪು ಇದ್ದೀತು, ಇದ್ದರೆ ನನ್ನ ಸುಳ್ಳು ಅಷ್ಟು ದೊಡ್ಡದಾಗುವುದಿಲ್ಲ ಎಂದು ಎರಡು ದಿನ ಹುಡುಕಿದೆ. ಇರಲಿಲ್ಲ. ನಾನು ಓದಿದ್ದರಲ್ಲೆಲ್ಲ ಚೆಂದದ್ದು ಅದು. ನನ್ನ ಮಗಳ ಕೈಯಲ್ಲಿ ಇದು ಬಂತೆಂದು ಹಿತ್ತಲಲ್ಲಿ ನಿಂತು ಅತ್ತೆ. ಮೂರನೆಯ ದಿನ ತಪ್ಪನ್ನು ಹುಟ್ಟಿಸಲು ಕೂತೆ. ಇಷ್ಟು ವರ್ಷ ಮಕ್ಕಳ ತಪ್ಪು ತಿದ್ದಿದವನಿಗೆ ನಂಬಿಕೆಗೆ ಬರುವ ತಪ್ಪು ಹೇಗಿರಬೇಕೆಂದು ಗೊತ್ತಿರುತ್ತದೆ. ತುಂಬ ದೊಡ್ಡದಿರಬಾರದು, ನೀನು ನಗುತ್ತಿದ್ದೆ. ಅಂಚು ಸರಿಹೋಯಿತು. ಆತುರ ಎಂಬ ಮಾತನ್ನೂ ಸೇರಿಸಿದೆ, ಯಾಕೆಂದರೆ ಅಷ್ಟು ಹೇಳಿದರೆ ನೀನು ವಾದಿಸುವುದಿಲ್ಲ ಎಂದು ನನಗೆ ತಿಳಿದಿತ್ತು.

ಅದು ನಿನ್ನೊಳಗೆ ಅಷ್ಟು ದೂರ ಹೋಗುತ್ತದೆಂದು ತಿಳಿದಿರಲಿಲ್ಲ. ಕೊಳಗಳ ಪ್ರಶ್ನೆಯ ಬಗ್ಗೆ ನೀನು ಬರೆದದ್ದನ್ನು ಓದಿದ ದಿನ ನನ್ನ ಕೈಯಿಂದಲೇ ನಿನ್ನ ಬಹುಮಾನ ಹೋಯಿತೆಂದು ಗೊತ್ತಾಯಿತು. ಅವತ್ತೇ ಹೇಳಬೇಕಿತ್ತು. ಹೇಡಿಯಾದೆ. ಮನವಿ ಪತ್ರಕ್ಕೆ ಸಹಿ ಹಾಕಿ ಇದರೊಳಗೆ ಇಟ್ಟಿದ್ದೇನೆ, ನನ್ನ ಹೆಸರನ್ನೂ ಸೇರಿಸಿ ಎಲ್ಲವನ್ನೂ ಬರೆದಿದ್ದೇನೆ. ಕೊಡುವುದು ಬಿಡುವುದು ನಿನ್ನ ಇಷ್ಟ.

ಒಂದೇ ಒಂದು ಬೇಡಿಕೆ. ಜುಲೈ ಪರೀಕ್ಷೆ ಮುಗಿದ ಮೇಲೆ ನಿನ್ನ ಉತ್ತರಗಳನ್ನು ಬರೆದು ಕಳಿಸು. ಈ ಸಲ ನೇರವಾಗಿ ನೋಡುತ್ತೇನೆ. ಸರಿ ಇದ್ದರೆ ಸರಿ, ತಪ್ಪಿದ್ದರೆ ತಪ್ಪು. ಮತ್ತೆ ನಿನ್ನ ಅಪ್ಪನಾಗಲು ನನಗೆ ಬೇರೆ ದಾರಿ ತಿಳಿಯದು.

ಲುವಾನ್


ಹನೊಯ್
12 ಜುಲೈ 1997

ಅಪ್ಪಾ,

ಪರೀಕ್ಷೆ ಮುಗಿಯಿತು. ನ್ಯುಂಗ್‌ಳ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಫಲಿತಾಂಶ ಬರುವವರೆಗೆ ಇಲ್ಲೇ ಇರುತ್ತೇನೆ, ಚಿಕ್ಕಮ್ಮನ ಮಕ್ಕಳಿಗೆ ಪಾಠ ಹೇಳಿಕೊಟ್ಟರೆ ಊಟಕ್ಕೆ ತೊಂದರೆಯಿಲ್ಲ. ಅಮ್ಮನಿಗೆ ಹೇಳಿ, ನಾನು ಊಟ ಬಿಟ್ಟಿಲ್ಲ.

ಮನವಿ ಕೊಟ್ಟೆ. ಕಚೇರಿಯವರು ಮೊಹರು ಹಾಕಿ ಒಳಗಿಟ್ಟುಕೊಂಡರು. ಖಾಂಗ್ ಮೇಷ್ಟ್ರೇ ನನ್ನ ಜೊತೆ ಬಂದು, "ಇದರಲ್ಲಿ ಬರೆದಿರೋದೆಲ್ಲ ನಿಜ" ಎಂದು ಅಲ್ಲಿ ಹೇಳಿದರು. ಮುಂದೇನಾಗುತ್ತದೋ ಗೊತ್ತಿಲ್ಲ. ಹೊರಗೆ ಬಂದಮೇಲೆ ನನಗೆ ಕಬ್ಬಿನ ಹಾಲು ಕುಡಿಸಿದರು.

ಗಣಿತದ ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆಯನ್ನು ಇಪ್ಪತ್ತು ನಿಮಿಷ ಇರುವಾಗಲೇ ಮುಗಿಸಿದೆ. ಹೊಟ್ಟೆಯೊಳಗೆ ಹಗುರಾಯಿತು. ತಕ್ಷಣ ಬೆರಳುಗಳು ಪೆನ್ನಿನ ಕಡೆ ಹೋದವು, ಇನ್ನೊಂದು ಸಂದರ್ಭ ಸೇರಿಸು, ಏನೋ ಬಿಟ್ಟಿದ್ದೀಯ ಎಂದು. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತೆ. ಮೇಲ್ವಿಚಾರಕರು ಎರಡು ಸಲ ಬಂದು ನೋಡಿದರು, ನಕಲು ಮಾಡುತ್ತಿದ್ದೇನೆಂದು ತಿಳಿದರೋ ಏನೋ. ಗಂಟೆ ಹೊಡೆಯುವವರೆಗೆ ಹಾಗೇ ಕೂತಿದ್ದೆ. ಕೈ ಜೋಮು ಹಿಡಿದು ಪತ್ರಿಕೆ ಎತ್ತಿಕೊಡಲು ಆಗಲಿಲ್ಲ, ಪಕ್ಕದ ಹುಡುಗಿ ಎತ್ತಿಕೊಟ್ಟಳು.

ನಿಮ್ಮ ಪತ್ರವನ್ನು ಬಹಳ ಸಲ ಓದಿದೆ. ಜ್ವರದ ವಿಷಯ ಮೊದಲ ಸಲ ತಿಳಿಯಿತು. ನೀವು ಅತ್ತಿರೆಂಬುದನ್ನು ಓದಿ ನಾನೂ ಅತ್ತೆ. ಕ್ಷಮಿಸಿದ್ದೇನೆ ಎಂದು ಬರೆಯಲು ಎರಡು ಸಲ ಕೂತೆ, ಬರೆಯಲಾಗಲಿಲ್ಲ. ಯಾವತ್ತಾದರೂ ಬರೆದೇನು.

ನನ್ನ ಉತ್ತರಗಳನ್ನು ಕಳಿಸುತ್ತಿಲ್ಲ. ನೀವು ನೇರವಾಗಿ ನೋಡುತ್ತೀರಿ, ಅದರಲ್ಲಿ ಅನುಮಾನವಿಲ್ಲ. ಆದರೆ ನೀವು ಸರಿ ಇದೆ ಎಂದು ಬರೆದರೆ, ಅದು ಸರಿ ಇರುವುದಕ್ಕೆ ಬರೆದಿರೋ ನನ್ನ ಮೇಲಿನ ಪ್ರೀತಿಗೆ ಬರೆದಿರೋ ನನಗೆ ಗೊತ್ತಾಗುವುದಿಲ್ಲ.

ಮಿಯೆನ್